ಆಪಲ್‌ಗೆ ಲಗಾಮು: ಕೋರ್ಟ್ ದಾರಿಯೋ, ಕಾನೂನಿನ ದಾರಿಯೋ?

ಅಮೆರಿಕ ಹಿಡಿದಿದ್ದು ಕೋರ್ಟ್ ದಾರಿ. 2024ರ ಮಾರ್ಚ್‌ನಲ್ಲಿ ಅಲ್ಲಿನ ನ್ಯಾಯ ಇಲಾಖೆ ಆಪಲ್ ಮೇಲೆ ಮೊಕದ್ದಮೆ ಹೂಡಿತು. ಏಕಸ್ವಾಮ್ಯದ ಆರೋಪವನ್ನು ಸಾಕ್ಷಿ ಸಮೇತ ಸಾಬೀತು ಮಾಡಬೇಕು. ಕಂಪನಿಯ ವಾದಕ್ಕೂ ಪೂರ್ತಿ ಅವಕಾಶ ಸಿಗುತ್ತದೆ. ಆದರೆ ಇಂಥ ಕೇಸುಗಳು ವರ್ಷಗಟ್ಟಲೆ ಎಳೆಯುತ್ತವೆ.

ಯುರೋಪ್ ಒಕ್ಕೂಟ ನಿಯಮವನ್ನೇ ಮೊದಲು ಬರೆದಿಟ್ಟಿತು. ದೊಡ್ಡ ಟೆಕ್ ಕಂಪನಿಗಳಿಗೆ ಲಗಾಮು ಹಾಕುವ ಅಲ್ಲಿನ ಕಾನೂನು ಡಿಜಿಟಲ್ ಮಾರ್ಕೆಟ್ಸ್ ಆಕ್ಟ್‌ನಿಂದಾಗಿ, ಐಫೋನ್ ತಂತ್ರಾಂಶದ ಐಒಎಸ್ 17.4 ಆವೃತ್ತಿಯಲ್ಲಿ, ಅಲ್ಲಿನ ಐಫೋನ್‌ಗಳಿಗೆ ಆಪಲ್‌ನದ್ದಲ್ಲದ ಬೇರೆ ಆಪ್ ಸ್ಟೋರ್‌ಗಳೂ ಬಂದವು. ಜೊತೆಗೇ ಆಪಲ್ ಆಪ್ ತಯಾರಕರ ಮೇಲೆ ಹೊಸ ಶುಲ್ಕವನ್ನೂ ತಂದಿತು! ಆಪಲ್‌ನ ಆಪ್ ಸ್ಟೋರ್‌ನ ಹೊರಗೆ ಸಿಗುವ ಅಗ್ಗದ ಆಫರ್‌ಗಳನ್ನು ಗ್ರಾಹಕರಿಗೆ ತಿಳಿಸಲು ಆಪ್ ತಯಾರಕರಿಗೆ ಅಡ್ಡಿ ಮಾಡಿದ್ದಕ್ಕೆ 2025ರ ಏಪ್ರಿಲ್‌ನಲ್ಲಿ 50 ಕೋಟಿ ಯೂರೊ ದಂಡ ಬಿತ್ತು.

ಸ್ಟೋರ್‌ಗಳು ಜಾಸ್ತಿಯಾದರೆ ಮೋಸದ ಆಪ್‌ಗಳೂ ನುಸುಳಬಹುದು, ಆ ಆತಂಕ ಸುಮ್ನೆ ಅಲ್ಲ. ಆದರೂ ಸಣ್ಣ ಆಪ್ ತಯಾರಕರು ತೀರ್ಪಿಗಾಗಿ ಎಷ್ಟು ವರ್ಷ ಕಾಯಬೇಕು? ನನ್ನ ಮತ ಯುರೋಪಿನ ದಾರಿಗೆ.