ಮೌಸ್ ಮುಟ್ಟದೆ ಲೆಕ್ಕ: ಎಕ್ಸೆಲ್, ಶೀಟ್ಸ್ ಅಥವಾ ಕ್ಯಾಲ್ಕ್?

ಕಣ್ಣು ಕಾಣದವರಿಗೂ, ಒಂದೇ ಕೈಯಲ್ಲಿ ಟೈಪ್ ಮಾಡುವವರಿಗೂ ಕೀಬೋರ್ಡ್‌ನಿಂದಲೇ ಲೆಕ್ಕದ ಹಾಳೆ (ಸ್ಪ್ರೆಡ್‌ಶೀಟ್) ಮಾಡಲು ನನ್ನ ಮೊದಲ ಆಯ್ಕೆ ವಿಂಡೋಸ್‌ನ ಎಕ್ಸೆಲ್. ಆಲ್ಟ್ ಒತ್ತಿ ಬಿಟ್ಟರೆ ಪ್ರತಿ ಮೆನುವಿನ ಮೇಲೂ ಒಂದೊಂದು ಅಕ್ಷರ ಬರುತ್ತದೆ. ಎಚ್ ಒತ್ತಿದರೆ ಹೋಮ್, ಎನ್ ಒತ್ತಿದರೆ ಇನ್ಸರ್ಟ್. ಒಂದಾದ ಮೇಲೊಂದು ಒತ್ತಿದರೆ ಸಾಕು, ಒಟ್ಟಿಗೆ ಹಿಡಿಯಬೇಕಿಲ್ಲ. ಬೆರಳು ಸರಿಯಾಗಿ ಆಡದವರಿಗೆ ಇದೇ ದೊಡ್ಡ ಅನುಕೂಲ, ಅಲ್ವಾ? ಪರದೆಯ ಮೇಲಿರುವುದನ್ನು ಓದಿ ಹೇಳುವ ಉಚಿತ ಸ್ಕ್ರೀನ್ ರೀಡರ್ ಎನ್‌ವಿಡಿಎ ಜೊತೆಗೂ ಚೆನ್ನಾಗಿ ಹೊಂದುತ್ತದೆ. ತಲೆಸಾಲು, ಅಂದರೆ ಕಾಲಮ್‌ಗಳ ಹೆಸರಿರುವ ಸಾಲು, ಯಾವುದೆಂದು ಒಮ್ಮೆ ತೋರಿಸಿಕೊಟ್ಟರೆ, ಬೇರೆ ಕಾಲಮ್‌ಗೆ ಹೋದಾಗ ಬರೀ ‘450’ ಅನ್ನದೆ, ‘ಬಾಡಿಗೆ’ ಅಂತಲೂ ಓದುತ್ತದೆ. ತೊಂದರೆ ಒಂದೇ, ಪೂರ್ತಿ ಆವೃತ್ತಿಗೆ ದುಡ್ಡು ಕೊಡಬೇಕು.

ಗೂಗಲ್ ಶೀಟ್ಸ್ ಪುಕ್ಕಟೆ, ಹಂಚಿಕೊಂಡು ಕೆಲಸ ಮಾಡಲು ಸುಲಭ. ಆದರೆ ಮೊದಲು ಕಂಟ್ರೋಲ್, ಆಲ್ಟ್, ಝಡ್ ಒತ್ತಿ ಸ್ಕ್ರೀನ್ ರೀಡರ್ ಬೆಂಬಲ ಆನ್ ಮಾಡಬೇಕು. ಕಿರಿಕಿರಿ ಏನೆಂದರೆ, ಕೆಲವು ಕೀಗಳನ್ನು ಬ್ರೌಸರ್ರೇ ನುಂಗಿಬಿಡುತ್ತದೆ: ಕಂಟ್ರೋಲ್ ಜೊತೆ ಪೇಜ್ ಡೌನ್ ಒತ್ತಿದರೆ ಹಾಳೆ ಬದಲಾಗದೆ ಕ್ರೋಮ್‌ನ ಟ್ಯಾಬ್ ಬದಲಾಗುತ್ತದೆ. ಮೂರು ಕೀ ಒಟ್ಟಿಗೆ ಹಿಡಿಯುವುದು ಕಷ್ಟವಾದರೆ, ಶಿಫ್ಟ್ ಐದು ಸಲ ಒತ್ತಿ ವಿಂಡೋಸ್‌ನ ಸ್ಟಿಕಿ ಕೀಸ್ ಹಾಕಿಕೊಳ್ಳಿ, ಆಗ ಕೀಗಳನ್ನು ಒಂದಾದ ಮೇಲೊಂದು ಒತ್ತಿದರೂ ಸಾಕು.

ಲಿಬ್ರೆ ಆಫೀಸ್‌ನ ಕ್ಯಾಲ್ಕ್ ಕೂಡ ಪುಕ್ಕಟೆ, ನೆಟ್ ಬೇಡ. ಮನೆ ಖರ್ಚಿನ ಲೆಕ್ಕಕ್ಕೆ ಧಾರಾಳವಾಯಿತು. ಕೆಲಸಕ್ಕೆ ಸೇರುವ ಯೋಚನೆ ಇದ್ದರೆ ಮಾತ್ರ ಎಕ್ಸೆಲ್ ಕೀಗಳನ್ನೇ ಕಲಿಯಿರಿ, ಆಫೀಸುಗಳಲ್ಲಿ ಜಾಸ್ತಿ ಕೇಳುವುದು ಅದನ್ನೇ.