ಮೊಬೈಲ್ ಸ್ಟಾರ್ಟರ್: ‘ಆನ್’ ಅಂದ ಮಾತ್ರಕ್ಕೆ ನೀರು ಬರಲ್ಲ

ಮಂಡ್ಯ, ಮದ್ದೂರು ಕಡೆಯ ಪಂಪ್‌ಸೆಟ್ ಅಂಗಡಿಗಳಲ್ಲಿ ಸಿಗುವ, ಸಿಮ್ ಹಾಕುವ ತ್ರೀಫೇಸ್ ಮೊಬೈಲ್ ಸ್ಟಾರ್ಟರ್ ಇದು; ಫೋನಿನಿಂದ ಎಸ್‌ಎಂಎಸ್ ಕಳಿಸಿ ಪಂಪ್ ಮೋಟರ್ ಆನ್-ಆಫ್ ಮಾಡಬಹುದು. ವೈರ್ ಮೂಲಕ ಬೇರೆ ಯಂತ್ರದಿಂದ ಆದೇಶ ಕೊಡಲು ಆರ್‌ಎಸ್-485 ಪೋರ್ಟ್ ಕೂಡ ಇದೆ.

ಆನ್ ಸಂದೇಶ ಕಳಿಸಿದ ಕೂಡಲೇ ‘ಮೋಟರ್ ಆನ್’ ಅಂತ ಉತ್ತರ ಬರುತ್ತೆ. ನಂಬಬೇಡಿ. ಅದು ಸ್ಟಾರ್ಟರ್ ಒಳಗಿನ ಚಿಕ್ಕ ಸ್ವಿಚ್ಚಾದ ರಿಲೇ ಎಳೆದದ್ದಕ್ಕೆ ಬಂದ ಉತ್ತರ, ಮೋಟರ್ ತಿರುಗಿದ್ದಕ್ಕಲ್ಲ. ಓವರ್‌ಲೋಡ್ ಟ್ರಿಪ್ ಆಗಿದ್ದರೂ, ಮೋಟರಿಗೆ ಕರೆಂಟ್ ಕೊಡುವ ಕಾಂಟ್ಯಾಕ್ಟರಿನ ಕಾಯಿಲ್ ಸುಟ್ಟಿದ್ದರೂ ಅದೇ ಮಾತು. ಜೊತೆಗೆ ಕೊಡುವ, ಕರೆಂಟ್ ಅಳೆಯುವ ಬಳೆಯಾದ ಸಿ.ಟಿ.ಯೊಳಗೆ ಮೋಟರಿನ ಒಂದೇ ಫೇಸ್ ವೈರ್ ತೂರಿಸಿ (ಮೂರೂ ತೂರಿಸಿದರೆ ಒಂದನ್ನೊಂದು ಕಳೆದು ಸೊನ್ನೆ ತೋರಿಸುತ್ತೆ), ಕರೆಂಟ್ ವರದಿ ಚಾಲೂ ಮಾಡಿ. ಆಂಪಿಯರ್ ಇರುವ ಎರಡನೇ ಸಂದೇಶ ಬಂದರೆ ಮಾತ್ರ ಮೋಟರ್ ಓಡುತ್ತಿದೆ ಅಂತ ಲೆಕ್ಕ.

ಪೋರ್ಟಿನ ಕೆಲಸ ಮಾತ್ರ ಚೊಕ್ಕ. ಯಂತ್ರಗಳು ಮಾತಾಡುವ ಮಾಡ್‌ಬಸ್ ಆರ್‌ಟಿಯು ನಿಯಮದಂತೆ 06ರ ಆದೇಶ (ಒಂದು ರಿಜಿಸ್ಟರ್, ಅಂದರೆ ಮೌಲ್ಯ ಇಡುವ ಖಾನೆಗೆ ಬರೆಯುವುದು) ಒಪ್ಪಿದರೆ ಅದನ್ನೇ ಮರಳಿಸುತ್ತೆ. ಒಪ್ಪದಿದ್ದರೆ 86 (ಹೆಕ್ಸ್ ಲೆಕ್ಕದಲ್ಲಿ), ಅದರ ಬೆನ್ನಿಗೆ ಕಾರಣ: 02 ಅಂದರೆ ರಿಜಿಸ್ಟರ್ ವಿಳಾಸ ತಪ್ಪು, 03 ಅಂದರೆ ಕೊಟ್ಟ ಮೌಲ್ಯ ತಪ್ಪು, 06 ಅಂದರೆ ಯಂತ್ರಕ್ಕೆ ಪುರುಸೊತ್ತಿಲ್ಲ, ತಡೆದು ಕೇಳಿ. 02 ಬಂದರೆ ಮೊದಲು ವಿಳಾಸ ನೋಡಿ. ಕೈಪಿಡಿಯ 40001 ಸಾಮಾನ್ಯವಾಗಿ ತಂತಿಯ ಮೇಲೆ 0. ಉತ್ತರವೇ ಇಲ್ಲದಿದ್ದರೆ ಕಥೆ ಬೇರೆ: ಸಿಆರ್‌ಸಿ (ಸಂದೇಶ ಕೆಟ್ಟಿದೆಯಾ ಅಂತ ನೋಡುವ ಲೆಕ್ಕ) ಹೊಂದದ ಸಂದೇಶಕ್ಕೆ ಯಂತ್ರ ಬಾಯಿ ಬಿಡುವುದಿಲ್ಲ. ಎ-ಬಿ ವೈರ್ ಅದಲುಬದಲಾಗಿದೆಯಾ, ಬಾಡ್ ರೇಟ್ (ಸಂದೇಶದ ವೇಗ), ಪ್ಯಾರಿಟಿ (ತಪ್ಪು ಹಿಡಿಯುವ ಬಿಟ್) ಎರಡೂ ಕಡೆ ಒಂದೇ ಇವೆಯಾ ನೋಡಿ. ಕೇಬಲ್ ಉದ್ದವಿದ್ದರೆ ಎರಡೂ ತುದಿಗೆ 120 ಓಮ್ ರೆಸಿಸ್ಟರ್ ಬೇಕು.

ದೊಡ್ಡ ಕೊರತೆ ಒಂದಿದೆ. ಎಸ್‌ಎಂಎಸ್ ಆದೇಶಕ್ಕೆ ಕ್ರಮಸಂಖ್ಯೆಯಿಲ್ಲ. ಆಫ್ ಮಾಡಿದ ಮೇಲೆ ತಡವಾಗಿ ತಲುಪಿದ ಹಳೇ ‘ಆನ್’ ಮೋಟರನ್ನು ಮತ್ತೆ ಓಡಿಸಬಹುದು. ಹಾಗಾಗಿ ನೀರಿಲ್ಲದೆ ಓಡುವ ಮೋಟರನ್ನು ನಿಲ್ಲಿಸುವ ಡ್ರೈ ರನ್ ರಕ್ಷಣೆ ಆಫ್ ಇಡಲೇಬೇಡಿ.