ಮುಖ ನೋಡದ ಗೆಳೆಯರ ಮೊದಲ ಭೇಟಿಗೆ ಲಾಲ್‌ಬಾಗ್ ರಸ್ತೆಯ ಎಂಟಿಆರ್

ಆನ್‌ಲೈನ್‌ನಲ್ಲಿ ಪರಿಚಯವಾದವರನ್ನ ಮೊದಲ ಸಲ ಎಲ್ಲಿ ಭೇಟಿ ಮಾಡೋದು ಅಂತ ಯಾರಾದರೂ ಕೇಳಿದರೆ ನಾನು ಒಂದೇ ಉತ್ತರ ಕೊಡ್ತೀನಿ: ಬೆಳಿಗ್ಗೆ ಲಾಲ್‌ಬಾಗ್‌ನಲ್ಲಿ ಒಂದು ಸುತ್ತು ಹಾಕಿ, ಆಮೇಲೆ ಲಾಲ್‌ಬಾಗ್ ರಸ್ತೆಯ ಹಳೇ ಎಂಟಿಆರ್‌ಗೆ ತಿಂಡಿಗೆ ಹೋಗಿ. ಅಲ್ಲಿನ ರುಚಿಯ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ನಾನು ಹೇಳಬೇಕಿರೋದು, ಫೋನಿನಲ್ಲಷ್ಟೇ ಗೊತ್ತಿದ್ದ ನಾಲ್ಕು ಜನ ಎದುರುಬದುರು ಕೂತಾಗ ಆ ಹೋಟೆಲು ನಮಗೆ ಹೇಗೆ ಒದಗಿ ಬಂತು ಅನ್ನೋದನ್ನ.

ನಮ್ಮದು ತಾರಸಿ ತೋಟದವರ ವಾಟ್ಸಾಪ್ ಗುಂಪು. ಲಾಕ್‌ಡೌನ್ ಹೊತ್ತಲ್ಲಿ ಬಣ್ಣದ ಡಬ್ಬ, ಒಡೆದ ಬಕೆಟ್ಟು, ಸಿಮೆಂಟ್ ಚೀಲ ಇಟ್ಟುಕೊಂಡು ಸೊಪ್ಪು ಬೆಳೆಯೋಕೆ ಹೊರಟವರು ಒಬ್ಬರ ಹಿಂದೆ ಒಬ್ಬರು ಬಂದು ಸೇರಿಕೊಂಡಿದ್ದು. ಬೀಜ ಪೋಸ್ಟಿನಲ್ಲಿ ಹೋಗುತ್ತೆ, ಬರುತ್ತೆ. ಕುಂದಾಪುರದ ಅಕ್ಕ ಕಳಿಸಿದ ಮಟ್ಟು ಗುಳ್ಳ ಅನ್ನೋ ಬದನೆಯ ಬೀಜ ನಮ್ಮ ತಾರಸಿಯಲ್ಲಿ ಕಾಯಿ ಬಿಟ್ಟಿದೆ. ಉಡುಪಿ ಹತ್ತಿರದ ಮಟ್ಟುವಿನ ಆ ಮಣ್ಣಿನ ರುಚಿ ಇಲ್ಲಿ ಪೂರ್ತಿ ಬರಲಿಲ್ಲ, ಆದರೂ ಹುಳಿಗೆ ಹಾಕಿದ ದಿನ ಮನೆಯವರೆಲ್ಲ ಎರಡನೇ ಸಲ ಬಡಿಸಿಕೊಂಡರು. ತುಮಕೂರಿನ ನಿವೃತ್ತ ಮೇಷ್ಟ್ರು ಒಬ್ಬರಿದ್ದಾರೆ, ಗೊಬ್ಬರದ ಬಗ್ಗೆ ಪುಟಗಟ್ಟಲೆ ಬರೀತಾರೆ. ಹಾವೇರಿ ಕಡೆಯ ಹುಡುಗ ವೈಟ್‌ಫೀಲ್ಡ್‌ನಲ್ಲಿ ಕೆಲಸದಲ್ಲಿದ್ದಾನೆ. ಬಾಡಿಗೆ ಮನೆಯ ಬಾಲ್ಕನಿಯಲ್ಲಿ ಬ್ಯಾಡಗಿ ಮೆಣಸಿನಕಾಯಿ ಬೆಳೆಯಬೇಕು ಅನ್ನೋದು ಅವನ ಹಟ. "ಅಕ್ಕಾರ, ಎಲಿ ಮತ್ತ ಮುದುಡ್ಯಾವ್ರೀ" ಅಂತ ರಾತ್ರಿ ಹನ್ನೊಂದಕ್ಕೆ ವಾಯ್ಸ್ ಮೆಸೇಜು ಬರುತ್ತೆ.

ಇಷ್ಟು ವರ್ಷ ಒಬ್ಬರ ಮುಖ ಒಬ್ಬರು ಸರಿಯಾಗಿ ನೋಡಿರಲಿಲ್ಲ. ನಮ್ಮ ಗುಂಪಿನಲ್ಲಿ ಹಾಕೋದೆಲ್ಲ ಗಿಡದ ಫೋಟೋ. ಎಲೆ ತಿರುಗಿಸಿ ಹಿಡಿದ ಕೈ ಕಾಣುತ್ತೆ, ಅಷ್ಟೇ. ಡಿಪಿಯಲ್ಲಿ ಹೂವೋ ದೇವರೋ ಇರುತ್ತೆ.

ಭೇಟಿಗೆ ಮೊದಲು ಒಂದು ಮಾಲ್‌ನ ಕೆಫೆಯ ಹೆಸರು ಬಂತು. ನಾನು ಬೇಡ ಅಂದೆ. ಅಂಥ ಕಡೆ ಇನ್ನೊಂದು ಗುಂಪಿನವರ ಜೊತೆ ಕೂತು ನೋಡಿದ್ದೇನೆ. ಹಾಡಿನ ಸದ್ದಿಗೆ ಪಕ್ಕದವರ ಮಾತೂ ಕೇಳಿಸಲಿಲ್ಲ, ಕಾಫಿ ಬರೋವರೆಗೆ ಎಲ್ಲರೂ ತಲೆ ಬಗ್ಗಿಸಿ ಫೋನ್ ನೋಡುತ್ತಾ ಕೂತರು. ನನ್ನ ಮಗಳದ್ದು ಬೇರೆ ಲೆಕ್ಕ. ಹಗಲು ಹೊತ್ತಾಗಿರಬೇಕು, ನಾಲ್ಕು ಜನ ಓಡಾಡೋ ಜಾಗ ಆಗಿರಬೇಕು, ಯಾರ ಕಾರಿನಲ್ಲೂ ಹೋಗಬಾರದು, ಲೊಕೇಶನ್ ಆನ್ ಇಟ್ಟಿರಬೇಕು ಅಂದಳು. ಸರಿಯಾದ ಮಾತೇ. ಹೆಂಗಸರು ಹೀಗೆ ಹೊರಟಾಗ ಈ ನಾಲ್ಕನ್ನೂ ನೋಡಿಕೊಳ್ಳಲೇಬೇಕು. ಎಷ್ಟೇ ವರ್ಷದ ಚಾಟ್ ಇರಲಿ, ಎದುರಿಗೆ ಬಂದಾಗ ಅವರು ಹೊಸಬರೇ.

ಲಾಲ್‌ಬಾಗ್ ಈ ಲೆಕ್ಕಕ್ಕೆಲ್ಲ ಸರಿಹೋಗುತ್ತೆ. ಮೇಷ್ಟ್ರು ತುಮಕೂರಿನಿಂದ ರೈಲಿನಲ್ಲಿ ಯಶವಂತಪುರಕ್ಕೆ ಬಂದು ಹಸಿರು ಮಾರ್ಗದ ಮೆಟ್ರೋ ಹಿಡಿದರು, ಎಲ್ಲೂ ಬದಲಾಯಿಸದೆ ಲಾಲ್‌ಬಾಗ್ ನಿಲ್ದಾಣದಲ್ಲಿ ಇಳಿದರು. ಬನಶಂಕರಿಯ ಮಗಳ ಮನೆಗೆ ಬಂದಿದ್ದ ಕುಂದಾಪುರದ ಅಕ್ಕನಿಗೂ ಅದೇ ಮಾರ್ಗ. ಹುಡುಗ ಮಾತ್ರ ನೇರಳೆ ಮಾರ್ಗದಲ್ಲಿ ಬಂದು ಮೆಜೆಸ್ಟಿಕ್‌ನಲ್ಲಿ ಬದಲಾಯಿಸಬೇಕಾಯಿತು. ನಿಲ್ದಾಣದಿಂದ ಪಶ್ಚಿಮ ದ್ವಾರಕ್ಕೆ ನಡೆಯೋಷ್ಟೇ ದೂರ. ಅಲ್ಲಿಂದ ಒಳಗೆ ಹೊಕ್ಕು, ಗಾಜಿನ ಮನೆ ದಾಟಿ ಮುಖ್ಯ ದ್ವಾರದ ಕಡೆ ಹೊರಬಂದರೆ ಎಂಟಿಆರ್ ಹತ್ತಿರವೇ. 1760ರಲ್ಲಿ ಹೈದರಾಲಿ ಶುರು ಮಾಡಿಸಿದ ತೋಟ ಈಗ 240 ಎಕರೆ. ಮುನ್ನೂರು ಕೋಟಿ ವರ್ಷದ ಬಂಡೆ ಇದೆ, ಬೇರೇ ಗೋಡೆಯಾಗಿ ಎದ್ದು ನಿಂತ ಹಳೇ ಬಿಳಿ ಬೂರುಗದ ಮರ ಇದೆ. ಆ ಮರದ ಮುಂದೆ ಮೇಷ್ಟ್ರು ಎಷ್ಟು ಹೊತ್ತು ನಿಂತರೆಂದರೆ, ನಮಸ್ಕಾರ ಹೇಗಿದ್ದೀರಾ ಆದಮೇಲೆ ಏನು ಮಾತಾಡೋದು ಅನ್ನೋ ನನ್ನ ಚಿಂತೆ ಅಲ್ಲೇ ಕಳೀತು. ಗಿಡ ನೋಡುವವರಿಗೆ ಗಿಡದ ಮುಂದೆ ಸಂಕೋಚ ಇರಲ್ಲ.

ಎಂಟಿಆರ್ ಬಾಗಿಲಲ್ಲಿ ಶನಿವಾರದ ಜನ. ಹೆಸರು ಬರೆಸಿ ಕಾಯಬೇಕು. ಈ ಕಾಯುವಿಕೆ ಬಗ್ಗೆ ದೂರುವವರೇ ಹೆಚ್ಚು, ನನಗೆ ಮಾತ್ರ ಇದೇ ಆ ದಿನದ ಅತ್ಯುತ್ತಮ ಭಾಗ. ಎದ್ದು ಹೋಗೋಕೆ ಆಗಲ್ಲ, ಅವಸರ ಮಾಡೋಕೂ ಆಗಲ್ಲ. ಅಕ್ಕ ಚೀಲದಿಂದ ಹಳೇ ಮದುವೆ ಕರೆಯೋಲೆಯ ಕವರುಗಳನ್ನ ತೆಗೆದರು. ಒಂದರಲ್ಲಿ ಕೆಂಪು ಹರಿವೆ, ಒಂದರಲ್ಲಿ ಬಸಳೆ, ಇನ್ನೊಂದರಲ್ಲಿ ಗುಳ್ಳ. ಪ್ರತಿ ಕವರಿನ ಮೇಲೂ ಬೀಜ ತೆಗೆದ ತಿಂಗಳನ್ನ ಪೆನ್ಸಿಲ್‌ನಲ್ಲಿ ಬರೆದಿತ್ತು. ಪಕ್ಕದಲ್ಲಿ ಕಾಯುತ್ತಿದ್ದ ದಂಪತಿ ನೋಡಿ ನೋಡಿ ಕೊನೆಗೆ ಕೇಳಿಯೇಬಿಟ್ಟರು. ಅವರಿಗೂ ಒಂದು ಚಿಟಿಕೆ ಹರಿವೆ ಬೀಜ ಹೋಯಿತು.

"ಇದ್ ನಮ್ ಬದಿಯವ್ರ್ ಹೋಟ್ಲ್ ಮಾರಾಯ್ರೆ" ಅಂತ ಅಕ್ಕನಿಗೆ ಹೆಮ್ಮೆ. ನಿಜ ತಾನೇ. ಕೋಟ, ಸಾಲಿಗ್ರಾಮದ ಹತ್ತಿರದ ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಬ್ರಾಹ್ಮಣರ ಕಾಫಿ ಕ್ಲಬ್ ಅಂತ ಶುರು ಮಾಡಿದ್ದು. ಈಗಿನ ಜಾಗಕ್ಕೆ ಬಂದು ಮಾವಳ್ಳಿ ಟಿಫಿನ್ ರೂಮ್ಸ್ ಅನ್ನೋ ಹೆಸರು ಪಡೆದದ್ದು 1960ರಲ್ಲಿ. ಎರಡನೇ ಮಹಾಯುದ್ಧದ ಕಾಲಕ್ಕೆ ಅಕ್ಕಿ ಸಿಗದೆ ರವೆಯಲ್ಲಿ ಇಡ್ಲಿ ಮಾಡಿ ನೋಡಿದ್ದು ತಾವೇ ಅಂತ ಎಂಟಿಆರ್‌ನವರು ಹೇಳಿಕೊಂಡು ಬಂದಿದ್ದಾರೆ. ಮೇಷ್ಟ್ರು ಇದನ್ನ ಪಾಠದ ಹಾಗೆ ಬಿಡಿಸಿ ಹೇಳಿದರು. ಗುಂಪಿನಲ್ಲಿ ಅಷ್ಟು ಬರೆಯುವ ಮನುಷ್ಯ ಅಲ್ಲಿಯವರೆಗೆ ಆಡಿದ್ದು ನಾಲ್ಕೇ ಮಾತು.

ಒಳಗೆ ಸಣ್ಣ ಸಣ್ಣ ಕೋಣೆ. ಪಂಚೆ ಉಟ್ಟ ಮಾಣಿಗಳು ಬಂದು ಏನಿದೆ ಅಂತ ಬಾಯಲ್ಲೇ ಹೇಳ್ತಾರೆ. ಮೊದಲು ರವೆ ಇಡ್ಲಿ ತರಿಸಿ. ಮೇಲೆ ಕೂತ ಗೋಡಂಬಿ, ಒಗ್ಗರಣೆಯ ಕರಿಬೇವು, ಪಕ್ಕದಲ್ಲಿ ಆಲೂಗಡ್ಡೆ ಸಾಗು, ಹಸಿರು ಚಟ್ನಿ, ಜೊತೆಗೆ ತುಪ್ಪ. ಮುರಿದರೆ ಒಳಗಿಂದ ಹಬೆ ಏಳಬೇಕು, ಎದ್ದಿತು. ರವೆ ಹುರಿದ ಹದ ನಾಲಿಗೆಗೆ ಗೊತ್ತಾಗುತ್ತೆ: ಹಲ್ಲಿಗೆ ಸಿಗಲ್ಲ, ಹಿಟ್ಟಾಗಿಯೂ ಇಲ್ಲ.

ಅಕ್ಕ ತುಪ್ಪದ ಬಟ್ಟಲು ಎತ್ತಿ ಇಡ್ಲಿ ಮೇಲೆ ಸುರಿಯುವಾಗ ಅವರ ಬಲಗೈ ನನ್ನ ಕಣ್ಣ ಮುಂದೆ ಬಂತು. ಹೆಬ್ಬೆರಳ ಉಗುರು ನಡುವಿಗೆ ಸೀಳಿದೆ. ಎಂದೋ ಮೆಟ್ಟುಕತ್ತಿ ತಾಗಿದ ಗುರುತು. ಮಣಿಕಟ್ಟಿನಲ್ಲಿ ಎರಡು ಹಸಿರು ಗಾಜಿನ ಬಳೆ, ಒಂದು ಸವೆದ ಚಿನ್ನದ ಬಳೆ. ಆ ಕೈಯನ್ನ ನಾನು ವರ್ಷಗಟ್ಟಲೆ ನೋಡಿದ್ದೆ. ಗುಳ್ಳದ ಕೆಳಗೆ ಹಿಡಿದದ್ದು, ಬಸಳೆ ಎಲೆಯ ಚುಕ್ಕೆ ತೋರಿಸಿದ್ದು, ಹುಳ ಹೆಕ್ಕಿದ್ದು ಇದೇ ಕೈ. ಬೆಳಗಿನಿಂದ ಜೊತೆಯಲ್ಲೇ ನಡೆದಿದ್ದರೂ ಅವರ ಮುಖ ನನಗೆ ಇನ್ನೂ ಹೊಸದಾಗಿತ್ತು. ಕೈ ಕಂಡ ಮೇಲೆ ಇವರು ನಮ್ಮ ಅಕ್ಕನೇ ಅನ್ನಿಸಿತು. ಹಾಗಂತ ಹೇಳಿದೆ. ಅವರು ಆ ಕೈಯಲ್ಲೇ ನನ್ನ ತಟ್ಟೆಗೂ ತುಪ್ಪ ಸುರಿದರು.

ಮಸಾಲೆ ದೋಸೆ ಇಲ್ಲಿ ಬೇರೆ ಕಡೆಗಿಂತ ದಪ್ಪ, ಬಣ್ಣವೂ ಗಾಢ, ಅದಕ್ಕೂ ಪುಟ್ಟ ಬಟ್ಟಲಲ್ಲಿ ತುಪ್ಪ ಬರುತ್ತೆ. ಹುಡುಗ ಎರಡು ತಿಂದ. "ಇನ್ನೊಂದು ಹೇಳು ತಮ್ಮಾ" ಅಂದರೆ ನಾಚಿಕೊಂಡ. ಬೆಳ್ಳಿ ಲೋಟದಲ್ಲಿ ಕಾಫಿ. ಬಿಸಿ ಲೋಟ ಹಿಡಿಯೋಕಾಗದೆ ಎಲ್ಲರೂ ಒಟ್ಟಿಗೆ ಕೆಳಗಿಟ್ಟೆವು, ಕಾಫಿ ಆರುವಷ್ಟು ಹೊತ್ತು ಮುದುಡಿದ ಎಲೆಯ ವಿಚಾರ ನಡೀತು. ನುಸಿಯೇ ಇರಬೇಕು, ಎಲೆಯ ಅಡಿಗೆ ಬೇವಿನ ಎಣ್ಣೆ ಹೊಡಿ, ಸಂಜೆ ಹೊತ್ತೇ ಹೊಡಿ ಅಂತ ಮೇಷ್ಟ್ರು ಅವನ ಫೋನಿನಲ್ಲಿದ್ದ ಫೋಟೋ ದೊಡ್ಡದು ಮಾಡಿ ತೋರಿಸಿದರು. ಒಂದೊಂದೇ ತಿಂಡಿ ಬರುತ್ತಾ ಇದ್ದರೆ ಮಾತು ನಿಂತರೂ ಮುಜುಗರ ಆಗಲ್ಲ. ಮಾತು ಕಡಿಮೆ ಇರುವವರ ಜೊತೆ ಮೊದಲ ಸಲ ಕೂರೋಕೆ ಇದಕ್ಕಿಂತ ಒಳ್ಳೆ ಏರ್ಪಾಡು ನನಗೆ ಗೊತ್ತಿಲ್ಲ.

ಆದರೆ ಇದು ಗಂಟೆಗಟ್ಟಲೆ ಹರಟುವ ಜಾಗ ಅಲ್ಲ. ಹೊರಗೆ ಜನ ಕಾದಿರುವಾಗ ಕೈ ತೊಳೆದ ಮೇಲೆ ಕೂತಿರೋದು ಸರಿಯೂ ಅಲ್ಲ. ಮೇಜು ಹಂಚಿಕೊಳ್ಳಬೇಕಾಗಿ ಬರುತ್ತೆ, ಮನೆ ಕಷ್ಟ ಹೇಳಿಕೊಳ್ಳೋಕೆ ಇಲ್ಲಿ ಆಗಲ್ಲ. ಅಂಥ ಮಾತಿದ್ದರೆ ಲಾಲ್‌ಬಾಗ್‌ನಲ್ಲಿ ಕೆರೆ ಕಡೆ ಬೆಂಚು ಹಿಡಿಯಿರಿ. ಹತ್ತು ಹನ್ನೆರಡು ಜನ ಬಂದರೆ ಒಟ್ಟಿಗೆ ಕೂರೋ ಆಸೆ ಬಿಡಬೇಕು. ನಾಲ್ಕೇ ಜನ ಹೇಳಿ ಮಾಡಿಸಿದ ಲೆಕ್ಕ, ಅದಕ್ಕೆ ಗುಂಪಿನ ಉಳಿದವರಿಗೂ ನಾಲ್ಕು ನಾಲ್ಕು ಜನವಾಗಿ ಬನ್ನಿ ಅಂತ ಹೇಳಿದ್ದೇನೆ.

ತಿಂಡಿ ಆದಮೇಲೆ ಮನೆಗೆ ಓಡಬೇಡಿ. ಗಿಡದ ಹುಚ್ಚಿದ್ದವರು ಆಟೋ ಹತ್ತಿ ಸಿದ್ದಾಪುರದ ನರ್ಸರಿ ಸಾಲಿಗೆ ಹೋಗಿ. ನಾವೂ ಹೋದೆವು. ಅಕ್ಕ ಅಲ್ಲಿ ಒಂದು ಮಲ್ಲಿಗೆ ಗಿಡಕ್ಕೆ ಚೌಕಾಸಿ ಮಾಡಿದ ರೀತಿಗೆ ನರ್ಸರಿಯವರೇ ನಕ್ಕು ಜೊತೆಗೊಂದು ದೊಡ್ಡಪತ್ರೆ ಕಡ್ಡಿ ಕೊಟ್ಟರು.

ಎಂಟಿಆರ್‌ಗೆ ಸೋಮವಾರ ರಜೆ. ಮಧ್ಯಾಹ್ನ ಹೋದರೆ ಊಟ ಸಿಗುತ್ತೆ, ರವೆ ಇಡ್ಲಿ ಬೇಕಾದರೆ ಬೆಳಿಗ್ಗೆ ಬೇಗ ಹೋಗಿ. ಜನವರಿ 26 ಮತ್ತು ಆಗಸ್ಟ್ 15ರ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಮೊದಲ ಭೇಟಿ ಬೇಡ. ಮುಖ ಗೊತ್ತಿಲ್ಲದವರನ್ನ ಆ ಜಾತ್ರೆಯಲ್ಲಿ ಹುಡುಕೋಕೆ ಆಗಲ್ಲ.